ಸಹಾಯ ಬೇಕು: ಬೆಳಗಿನ ಜಾವ ಒಬ್ಬರೇ ಓಡುವವರಿಗೆ ಸುರಕ್ಷತಾ ಪಟ್ಟಿ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಒಬ್ಬರೇ ಓಡುವ ಹೊಸಬರಿಗಾಗಿ ಒಂದು ಪುಟದ ಪಟ್ಟಿ ಮಾಡುತ್ತಿದ್ದೇವೆ. ಚಾಮುಂಡಿ ಬೆಟ್ಟದ ರಸ್ತೆ, ಕುಕ್ಕರಹಳ್ಳಿ ಕೆರೆ ಕಡೆ ಓಡುವವರು ದಯವಿಟ್ಟು ನೆರವಾಗಿ.

ಈವರೆಗೆ ಬರೆದದ್ದು ಇಷ್ಟು. ಎದುರು ಬರುವ ಗಾಡಿ ಕಾಣುವಂತೆ ರಸ್ತೆಯ ಬಲಬದಿಯಲ್ಲೇ ಓಡಿ. ಆದರೆ ಬೆಟ್ಟದ ರಸ್ತೆ ಬಲಕ್ಕೆ ತಿರುಗುವಲ್ಲಿ ಇದೇ ಅಪಾಯ: ಒಳಮಗ್ಗುಲು ಹಿಡಿದು ಬರುವ ಚಾಲಕನಿಗೆ ನೀವು ಕಾಣುವುದೇ ಇಲ್ಲ. ತಿರುವಿಗೆ ಸಾಕಷ್ಟು ಮೊದಲೇ ಎಡಕ್ಕೆ ದಾಟಿ, ಆಮೇಲೆ ವಾಪಸ್ ಬನ್ನಿ. ವಾಟ್ಸಾಪ್ ಲೈವ್ ಲೊಕೇಶನ್ ಅವಧಿಯನ್ನು 8 ಗಂಟೆ ಇಡಿ. 1 ಗಂಟೆಯಷ್ಟೇ ಇಟ್ಟರೆ ದೂರದ ಓಟದ ನಡುವೆಯೇ ನಿಂತುಹೋಗುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ, ನಿಂತು ನಿಧಾನಕ್ಕೆ ಹಿಂದೆ ಸರಿಯಿರಿ. ಕಚ್ಚಿದರೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ತುರ್ತಿಗೆ 112.

ನಮಗೆ ಬೇಕಿರುವುದು: ಬೀದಿದೀಪ ಉರಿಯದ ಜಾಗ, ಮರಿ ಹಾಕಿದ ನಾಯಿ ಇರುವ ತಿರುವು (ಅಲ್ಲೇ ಹೆಚ್ಚು ಮೈಮೇಲೆ ಬರುತ್ತವೆ), ಮೊಬೈಲ್ ಸಿಗ್ನಲ್ ಸಿಗದ ಕಡೆ, ಐದೂವರೆಗೇ ತೆರೆಯುವ ಟೀ ಅಂಗಡಿ. ಹತ್ತಿರದ ಗುರುತು, ರಸ್ತೆಯ ಯಾವ ಬದಿ, ನೋಡಿದ ಸಮಯ, ಮೂರನ್ನೂ ಬರೆಯಿರಿ. ಬರೀ "ಬೆಟ್ಟದ ಹತ್ತಿರ" ಅಂದರೆ ಹೊಸಬರಿಗೆ ಉಪಯೋಗಕ್ಕೆ ಬರುವುದಿಲ್ಲ.