ಚೆಲ್ಸಿಯ ಔಷಧಿವನ: ಹ್ಯಾನ್ಸ್ ಸ್ಲೋನ್ ಕೊಟ್ಟದ್ದು ದಾನವೋ, ಗೇಣಿಯೋ?

ಪ್ರಶ್ನೆ:
ಲಂಡನ್ನಿನ ಚೆಲ್ಸಿಯಲ್ಲಿರುವ ಔಷಧಿವನದ ಚರಿತ್ರೆ ಓದುತ್ತಿದ್ದಾಗ ಒಂದು ಸಂದೇಹ ಹುಟ್ಟಿತು. ಬಲ್ಲವರು ಪರಿಹರಿಸಬೇಕೆಂದು ಕೋರುತ್ತೇನೆ. ವೈದ್ಯರೂ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘದ ಸದಸ್ಯರೂ ಆಗಿದ್ದ ಸರ್ ಹ್ಯಾನ್ಸ್ ಸ್ಲೋನ್ 1712ರಲ್ಲಿ ಚೆಲ್ಸಿಯ ಜಮೀನ್ದಾರಿಯನ್ನು ಕೊಂಡಾಗ, 1673ರಿಂದಲೂ ಅಪೋತಿಕರಿಗಳ, ಎಂದರೆ ಔಷಧ ತಯಾರಕರ, ಸಂಘವು ನಡೆಸಿಕೊಂಡು ಬಂದಿದ್ದ ತೋಟದ ನೆಲವೂ ಅವರದಾಯಿತು. 1722ರಲ್ಲಿ ಅವರು ಅದನ್ನು ವರ್ಷಕ್ಕೆ 5 ಪೌಂಡ್ ಗೇಣಿಗೆ ಶಾಶ್ವತವಾಗಿ ಆ ಸಂಘಕ್ಕೇ ಬಿಟ್ಟುಕೊಟ್ಟರು. ಗೇಣಿ ಪಡೆದ ಮೇಲೆ ಅದನ್ನು ದಾನವೆನ್ನುವುದು ಸರಿಯೇ?

ಉತ್ತರ 1:
ಸರಿಯೆಂದೇ ನನ್ನ ಅಭಿಪ್ರಾಯ. ಗೇಣಿಯನ್ನು ಎಂದೆಂದಿಗೂ ಏರಿಸುವಂತಿಲ್ಲವಾದ್ದರಿಂದ ಆ 5 ಪೌಂಡ್ ಹೆಸರಿಗಷ್ಟೇ. ಗೇಣಿಪತ್ರದ ಜೀವವಿರುವುದು ಷರತ್ತುಗಳಲ್ಲಿ. ಪ್ರತಿ ವರ್ಷ ಆ ತೋಟದಲ್ಲೇ ಬೆಳೆದ 50 ಬಗೆಯ ಸಸ್ಯಗಳನ್ನು ಚೆನ್ನಾಗಿ ಒಣಗಿಸಿ, ಕೆಡದಂತೆ ಕಾಪಿಟ್ಟು ರಾಯಲ್ ಸೊಸೈಟಿಗೆ ಒಪ್ಪಿಸಬೇಕಿತ್ತು. ಹಿಂದಿನ ವರ್ಷ ಕೊಟ್ಟದ್ದನ್ನು ಮತ್ತೆ ಕೊಡುವಂತಿರಲಿಲ್ಲ. ಒಟ್ಟು 2000 ಆಗುವವರೆಗೂ ಇದು ನಡೆಯಬೇಕಿತ್ತು. ಲೆಕ್ಕ ಹಾಕಿದರೆ 40 ವರ್ಷ! ಹೊಸ ಬೀಜ ತರಿಸಿ ಬಿತ್ತದೆ, ಹೆಸರು ಗುರುತಿಸದೆ, ತೋಟವನ್ನು ಪಾಳು ಬಿಟ್ಟು ಈ ಷರತ್ತನ್ನು ಪೂರೈಸಲು ಸಾಧ್ಯವೇ ಇರಲಿಲ್ಲ. 1722ರಲ್ಲೇ ತೋಟದ ಹೊಣೆ ಹೊತ್ತ ಫಿಲಿಪ್ ಮಿಲ್ಲರ್ ಅದನ್ನು 1770ರವರೆಗೆ ನೋಡಿಕೊಂಡದ್ದು ದೊಡ್ಡ ಭಾಗ್ಯವೆಂದೇ ಹೇಳಬೇಕು. ಉಪಯುಕ್ತ ಗಿಡವನ್ನೂ ಅದನ್ನೇ ಹೋಲುವ ಹಾನಿಕರ ಗಿಡವನ್ನೂ ಕಲಿಯುವ ಹುಡುಗರು ಕಣ್ಣಾರೆ ಕಂಡು ಬೇರ್ಪಡಿಸಲಿ ಎಂಬುದು ಸ್ಲೋನರ ಆಶಯವಾಗಿತ್ತು. ತರುಣರಾಗಿದ್ದಾಗ ಅವರೂ ಇದೇ ತೋಟದಲ್ಲಿ ಕಲಿತವರು.

ಉತ್ತರ 2:
ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸುತ್ತೇನೆ. ಸಂಘವು ತೋಟವನ್ನು ನಡೆಸಲಾರದೆ ಹೋದರೆ ನೆಲವು ಯಾರಿಗೆ ಸೇರಬೇಕೆಂಬುದನ್ನೂ ಪತ್ರದಲ್ಲೇ ಬರೆದಿಡಲಾಗಿತ್ತು: ಮೊದಲು ರಾಯಲ್ ಸೊಸೈಟಿಗೆ, ಅನಂತರ ವೈದ್ಯರ ಕಾಲೇಜಿಗೆ, ಅದೂ ಔಷಧಿವನವಾಗಿಯೇ ಉಳಿಸಿಕೊಳ್ಳುವ ಕರಾರಿನ ಮೇಲೆ. 1899ರಲ್ಲಿ ಸಂಘವು ಕೈಬಿಟ್ಟಾಗ ಒಂದು ದತ್ತಿಸಂಸ್ಥೆ ಹೊಣೆ ಹೊತ್ತಿತು. 1983ರಿಂದ ಸಾರ್ವಜನಿಕರಿಗೂ ಪ್ರವೇಶವಿದೆ. ಬರಿಯ ದಾನಪತ್ರವಾಗಿದ್ದರೆ ಥೇಮ್ಸ್ ದಂಡೆಯ ಅಷ್ಟು ಬೆಲೆಬಾಳುವ ನೆಲ ಎಂದೋ ಮನೆಗಳ ಪಾಲಾಗುತ್ತಿತ್ತೆಂದು ನನಗನಿಸುತ್ತದೆ.

ಉತ್ತರ 3:
ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ಹಣದ ಮೂಲವನ್ನೂ ಮರೆಯಬಾರದು. ಸ್ಲೋನರ ಪತ್ನಿ ಎಲಿಜಬೆತ್ ಜಮೈಕಾದ ತೋಟದ ಮಾಲೀಕರೊಬ್ಬರ ವಿಧವೆ. ಅಲ್ಲಿನ ಗುಲಾಮರ ದುಡಿಮೆಯಿಂದ ಬಂದ ಆದಾಯವೂ ಈ ಸಂಪತ್ತಿನಲ್ಲಿ ಸೇರಿತ್ತು. ಬ್ರಿಟಿಷ್ ಮ್ಯೂಸಿಯಂ 2020ರಲ್ಲಿ ಸ್ಲೋನರ ಪ್ರತಿಮೆಯನ್ನು ಪೀಠದಿಂದ ಇಳಿಸಿ, ಈ ವಿವರಗಳೊಡನೆ ಗಾಜಿನ ಪೆಟ್ಟಿಗೆಯಲ್ಲಿ ಇರಿಸಿತು.

ಪ್ರಶ್ನೆ ಕೇಳಿದವರು:
ಮೂವರಿಗೂ ಕೃತಜ್ಞತೆಗಳು. ನಾನು 5 ಪೌಂಡನ್ನೇ ನೋಡುತ್ತ ಕುಳಿತಿದ್ದೆ. ನಿಜವಾದ ಗೇಣಿ ಆ 50 ಒಣ ಗಿಡಗಳೆಂಬುದು ಈಗ ತಿಳಿಯಿತು.