ಅಂಗಡಿ ಹೆಸರು ಹುಡುಕಿದರೂ ಮೇಲೆ ಬೇರೆಯವರ ಜಾಹೀರಾತು: ಏನು ಮಾಡಲಿ?

ಗಾಂಧಿ ಬಜಾರ್, ಬ್ಲೌಸ್ ಹೊಲಿಗೆ
ಬ್ಲೌಸ್ ಹೊಲಿಯುವ ಪುಟ್ಟ ಅಂಗಡಿ ನಮ್ಮದು. ಮದುವೆಗೆ ಆರಿ ವರ್ಕ್ ಕೂಡ ಮಾಡಿಕೊಡುತ್ತೇವೆ. ಐದು ವರ್ಷದಿಂದ ಜಾಸ್ತಿ ಗಿರಾಕಿಗಳು ಫೋನಿನಲ್ಲಿ ಗೂಗಲ್ ಮಾಡಿ ಹುಡುಕಿಕೊಂಡೇ ಬರುತ್ತಿದ್ದರು. ಈಗ ನಮ್ಮ ಹೆಸರನ್ನೇ ಟೈಪ್ ಮಾಡಿದರೂ ಮೊದಲು ಬೇರೆ ಬೊಟಿಕ್‌ನ ಜಾಹೀರಾತು, ಆಮೇಲೆ ನಾವು. ಒಬ್ಬರು ತಿಂಗಳಿಗೆ 25 ಸಾವಿರ ಕೊಡಿ, ಮೊದಲ ಸ್ಥಾನ ಗ್ಯಾರಂಟಿ ಅಂತಿದ್ದಾರೆ. ಕೊಡಬಹುದಾ? ಅನುಭವ ಇದ್ದವರು ಹೇಳಿ.

ರಾಜಾಜಿನಗರ, ವಾಷಿಂಗ್ ಮಷೀನ್ ರಿಪೇರಿ
ಅಕ್ಕ, ಗ್ಯಾರಂಟಿ ಅಂದವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಮೊದಲ ಸ್ಥಾನವನ್ನು ಯಾರೂ ಗ್ಯಾರಂಟಿ ಕೊಡಲಾರರು ಅಂತ ಗೂಗಲ್ಲೇ ಬರೆದಿಟ್ಟಿದೆ.

ನಾನು ಹೋದ ವರ್ಷ ಇಂಥದೇ ಮಾತು ನಂಬಿದೆ. ಮೂರು ವಾರದಲ್ಲಿ 18 ಸಾವಿರ ಹೋಯಿತು. ಫೋನು ಬರುತ್ತಿತ್ತು, ಕೆಲಸ ಬರುತ್ತಿರಲಿಲ್ಲ. ಒಂದು ಭಾನುವಾರ ಅಕ್ಕನ ಮಗಳು ಪಕ್ಕದಲ್ಲಿ ಕೂತು ಜಾಹೀರಾತಿನ ಖಾತೆ ತೆಗೆದಳು. ಅದರಲ್ಲಿ ಸರ್ಚ್ ಟರ್ಮ್ಸ್ ಅಂತ ಒಂದು ಪುಟ ಇದೆ. ಜನ ಏನು ಟೈಪ್ ಮಾಡಿ ನಮ್ಮ ಜಾಹೀರಾತು ಒತ್ತಿದರು ಅಂತ ತೋರಿಸುತ್ತದೆ. ‘ವಾಷಿಂಗ್ ಮಷೀನ್ ರಿಪೇರಿ ಕೋರ್ಸ್’, ಒತ್ತಿದ್ದಕ್ಕೆ ನನ್ನಿಂದ ಹೋದದ್ದು 38 ರೂಪಾಯಿ. ‘ಮೆಕ್ಯಾನಿಕ್ ಕೆಲಸ ಬೇಕು’, 42. ‘ಡ್ರೈನ್ ಪೈಪ್ ಬೆಲೆ’, 51. ಹುಬ್ಬಳ್ಳಿಯಿಂದಲೂ ಒತ್ತಿದ್ದರು! ಆ ಪಟ್ಟಿ ನೋಡಿ ನನಗೆ ಮಾತೇ ಹೊರಡಲಿಲ್ಲ.

ತಪ್ಪು ಎಲ್ಲಿತ್ತು ಅಂದರೆ, ಸೆಟ್ಟಿಂಗ್‌ಗಳನ್ನು ಮೊದಲಿಗೆ ಹೇಗಿತ್ತೋ ಹಾಗೇ ಬಿಟ್ಟಿದ್ದೆವು. ಬ್ರಾಡ್ ಮ್ಯಾಚ್ ಇದ್ದರೆ ನಾವು ಕೊಟ್ಟ ಪದಕ್ಕೆ, ಅಂದರೆ ಕೀವರ್ಡ್‌ಗೆ, ಹತ್ತಿರದ ಯಾವ ಹುಡುಕಾಟಕ್ಕೂ ಜಾಹೀರಾತು ಹೋಗುತ್ತದೆ. ಊರು ಆರಿಸುವ ಸೆಟ್ಟಿಂಗ್‌ನಲ್ಲೂ ಅಷ್ಟೇ. ಬೆಂಗಳೂರಿನಲ್ಲಿ ಇರುವವರು ಮಾತ್ರ ಅಲ್ಲ, ಬೆಂಗಳೂರಿನ ಬಗ್ಗೆ ಆಸಕ್ತಿ ತೋರಿಸಿದವರೂ ಸೇರಿಕೊಳ್ಳುತ್ತಾರೆ. ಈಗ ಫ್ರೇಸ್ ಮ್ಯಾಚ್ ಇಟ್ಟಿದ್ದೇನೆ, ನಮ್ಮ ಪದದ ಅರ್ಥ ಇರುವ ಹುಡುಕಾಟಕ್ಕೆ ಮಾತ್ರ ಜಾಹೀರಾತು ಹೋಗುತ್ತದೆ. ಅಂಗಡಿಯಿಂದ 6 ಕಿಲೋಮೀಟರ್ ಒಳಗೆ ಇರುವವರಿಗೆ ಮಾತ್ರ. ಕೋರ್ಸ್, ಕೆಲಸ, ಸಂಬಳ ಇವೆಲ್ಲ ನೆಗೆಟಿವ್ ಕೀವರ್ಡ್ ಪಟ್ಟಿಯಲ್ಲಿವೆ, ಅಂದರೆ ಆ ಪದ ಇರುವ ಹುಡುಕಾಟಕ್ಕೆ ಜಾಹೀರಾತು ಹೋಗಬಾರದು ಅಂತ. ನಿಮಗಾದರೆ ‘ಕಟಿಂಗ್ ಕ್ಲಾಸ್’, ‘ರೆಡಿಮೇಡ್’, ‘ಡಿಸೈನ್ ಫೋಟೋ’ ಮೊದಲೇ ಆ ಪಟ್ಟಿಗೆ ಹಾಕಿಬಿಡಿ.

ಇನ್ನೊಂದು ಮಾತು. ಯಾರಿಂದ ಮಾಡಿಸಿದರೂ ಖಾತೆ ನಿಮ್ಮ ಇಮೇಲ್‌ನಲ್ಲೇ ಇರಲಿ. ನನ್ನದು ಅವರ ಹೆಸರಲ್ಲಿತ್ತು, ಬಿಡಿಸಿಕೊಳ್ಳೋಕೆ ಎರಡು ತಿಂಗಳು ಓಡಾಡಿದೆ. ಬಿಲ್ ಮೇಲೆ 18% ಜಿಎಸ್‌ಟಿ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೋರಮಂಗಲ, ಜಾಹೀರಾತು ಕೆಲಸ
ಮೇಡಂ, ಮೇಲಿನ ಆ ಜಾಗ ಪ್ರತಿ ಹುಡುಕಾಟಕ್ಕೂ ಹರಾಜಾಗುತ್ತದೆ. ಜಾಸ್ತಿ ದುಡ್ಡು ಕೂಗಿದವರೇ ಗೆಲ್ಲಬೇಕು ಅಂತೇನಿಲ್ಲ. ಹುಡುಕಿದ ಮಾತಿಗೆ ಜಾಹೀರಾತು ಎಷ್ಟು ಹೊಂದುತ್ತದೆ ಅನ್ನೋದೂ ಲೆಕ್ಕ. ಹಾಗಾಗಿ ನಿಮ್ಮ ಅಂಗಡಿ ಹೆಸರಿಗೆ ಸಾಮಾನ್ಯವಾಗಿ ನಿಮಗೇ ಕಡಿಮೆ ಬೆಲೆ ಬೀಳುತ್ತದೆ. ಬರೀ ಆ ಹೆಸರಿಗೆ, ಎಕ್ಸಾಕ್ಟ್ ಮ್ಯಾಚ್‌ನಲ್ಲಿ (ಅದನ್ನೇ ಹುಡುಕಿದವರಿಗೆ ಮಾತ್ರ ತೋರಿಸುವ ಸೆಟ್ಟಿಂಗ್), ದಿನಕ್ಕೆ 50 ರೂಪಾಯಿ ಇಟ್ಟು ಒಂದು ತಿಂಗಳು ನೋಡಿ. ನಮ್ಮ ಹೆಸರು ಕಾಯೋಕೆ ನಾವೇ ದುಡ್ಡು ಕಟ್ಟಬೇಕಾ ಅಂತ ಹೊಟ್ಟೆ ಉರಿಯುತ್ತದೆ. ನನ್ನ ಗಿರಾಕಿಗಳೆಲ್ಲ ಇದನ್ನೇ ಹೇಳುತ್ತಾರೆ, ಅವರ ಮಾತು ನ್ಯಾಯವೇ.

ಬೇರೆಯವರು ನಿಮ್ಮ ಹೆಸರನ್ನು ಕೀವರ್ಡ್ ಆಗಿ ಹಾಕುವುದನ್ನು ಗೂಗಲ್ ತಡೆಯುವುದಿಲ್ಲ. ಆದರೆ ಜಾಹೀರಾತಿನ ಬರಹದಲ್ಲೇ ನಿಮ್ಮ ಹೆಸರು ಇದ್ದು, ಅದು ನಿಮ್ಮ ಟ್ರೇಡ್‌ಮಾರ್ಕ್ (ನೋಂದಾಯಿಸಿದ ವ್ಯಾಪಾರದ ಹೆಸರು) ಆಗಿದ್ದರೆ ಗೂಗಲ್‌ಗೆ ದೂರು ಕೊಡಬಹುದು. ಟ್ರೇಡ್‌ಮಾರ್ಕ್ ಮಾಡಿಸೋಕೆ ಸಣ್ಣವರಿಗೆ ಆನ್‌ಲೈನ್ ಅರ್ಜಿಗೆ ಸರ್ಕಾರಿ ಶುಲ್ಕ 4,500 ರೂಪಾಯಿ. ಮನೆ ಸಾಮಾನು ಸಾಗಿಸುವ ಅಗರ್ವಾಲ್ ಪ್ಯಾಕರ್ಸ್ ಹೆಸರಿನ ಮೊಕದ್ದಮೆಯಲ್ಲಿ 2023ರಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದು ಗೊತ್ತಿರಲಿ. ಕೀವರ್ಡ್ ಹಾಕಿದ ಮಾತ್ರಕ್ಕೆ ತಪ್ಪಾಗುವುದಿಲ್ಲ, ಜನ ಮೋಸಹೋಗುವ ಹಾಗಿದ್ದರೆ ತಪ್ಪು.

ಮಲ್ಲೇಶ್ವರಂ, ಹೋಳಿಗೆ
ನಾನು ಜಾಹೀರಾತು ಹಾಕಿದವಳೇ ಅಲ್ಲ. ಮ್ಯಾಪ್‌ನಲ್ಲಿ ಅಂಗಡಿ ಹಾಕೋದು ಪುಕ್ಕಟೆ, ಅದನ್ನೇ ಚೆನ್ನಾಗಿ ಇಟ್ಟುಕೊಂಡಿದ್ದೇನೆ. ರಿವ್ಯೂ ಬರೆಯಿರಿ ಅಂತ ಡಬ್ಬಿ ಕೈಗೆ ಕೊಡುವಾಗಲೇ ಕೇಳುತ್ತೇನೆ. ರಿವ್ಯೂಗೆ ಡಿಸ್ಕೌಂಟ್ ಮಾತ್ರ ಕೊಡಬೇಡಮ್ಮ, ಅದು ನಿಯಮಕ್ಕೆ ವಿರುದ್ಧ. ಬಂದವರ ನಂಬರು ಕೇಳಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಯುಗಾದಿಗೆ ಹತ್ತು ದಿನ ಮುಂಚೆ ವಾಟ್ಸಾಪ್‌ನಲ್ಲಿ ಎರಡು ಸಾಲು ಕಳಿಸಿದರೆ ನನ್ನ ಅರ್ಧ ಆರ್ಡರ್ ಅಲ್ಲೇ ಮುಗಿಯುತ್ತದೆ. ನಿಮಗೆ ವರಮಹಾಲಕ್ಷ್ಮಿ ಹಬ್ಬ ಇದೆಯಲ್ಲ.

ವಿಜಯನಗರ, ವಕೀಲಿಕೆ
ಇದು ನಿಮ್ಮೊಬ್ಬರ ಕಷ್ಟ ಅಲ್ಲ. ಎಲ್ಲರೂ ಒಂದೇ ಕಡೆ ಹುಡುಕಿದರೆ ಅಂಗಡಿಯವರೆಲ್ಲ ಒಂದೇ ಹರಾಜಿಗೆ ಬರಬೇಕು, ಬೆಲೆ ಏರಲೇಬೇಕು. ವಧು-ವರರನ್ನು ಹುಡುಕಿಕೊಡುವ ಮ್ಯಾಟ್ರಿಮೊನಿ ಡಾಟ್ ಕಾಮ್ ಮತ್ತು ಗ್ರಾಹಕರ ಪರ ಸಂಸ್ಥೆಯೊಂದು ಕೊಟ್ಟ ದೂರಿನ ಮೇಲೆ, ವ್ಯಾಪಾರದಲ್ಲಿ ನ್ಯಾಯದ ಪೈಪೋಟಿ ಇದೆಯೇ ಅಂತ ನೋಡುವ ನಮ್ಮ ಸ್ಪರ್ಧಾ ಆಯೋಗ 2018ರಲ್ಲಿ ಗೂಗಲ್‌ಗೆ ಸುಮಾರು 136 ಕೋಟಿ ರೂಪಾಯಿ ದಂಡ ಹಾಕಿತು. ಹುಡುಕಾಟದಲ್ಲಿ ತನ್ನ ಸೇವೆಗಳನ್ನೇ ಮುಂದೆ ತೋರಿಸುತ್ತದೆ ಅನ್ನೋದು ಅಲ್ಲಿನ ಮುಖ್ಯ ಆಕ್ಷೇಪ. 2022ರಲ್ಲಿ ಆಂಡ್ರಾಯ್ಡ್ ಫೋನುಗಳ ವಿಷಯಕ್ಕೆ ಇನ್ನೊಂದು ದಂಡ, 1,337.76 ಕೋಟಿ.

ಅಮೆರಿಕದ ನ್ಯಾಯಾಲಯ 2024ರ ಆಗಸ್ಟ್‌ನಲ್ಲಿ ಹುಡುಕಾಟದಲ್ಲಿ ಗೂಗಲ್ ಏಕಸ್ವಾಮ್ಯ ನಡೆಸುತ್ತಿದೆ ಅಂತಲೇ ತೀರ್ಪು ಕೊಟ್ಟಿತು. ಫೋನು, ಬ್ರೌಸರ್‌ಗಳಲ್ಲಿ ತಾನೇ ಮೊದಲು ತೆರೆದುಕೊಳ್ಳಲಿ ಅಂತ ಅದು 2021ರ ಒಂದೇ ವರ್ಷದಲ್ಲಿ ಕೊಟ್ಟದ್ದು 2,630 ಕೋಟಿ ಡಾಲರ್. ಅಂಥ ಒಪ್ಪಂದ ಬೇರೆಯವರನ್ನು ಹೊರಗಿಡುವ ಹಾಗಿರಬಾರದು ಅಂತ 2025ರಲ್ಲಿ ಆದೇಶವಾಯಿತು. ಇವೆಲ್ಲ ಬೇಕು. ಆದರೆ ನಿಮ್ಮ ಅಂಗಡಿ ಬಾಡಿಗೆ ಈ ತಿಂಗಳೇ ಕಟ್ಟಬೇಕಲ್ಲ, ಆದ್ದರಿಂದ ಮೇಲಿನವರು ಹೇಳಿದ್ದನ್ನು ಇವತ್ತೇ ಶುರುಮಾಡಿ.

ಗಾಂಧಿ ಬಜಾರ್, ಬ್ಲೌಸ್ ಹೊಲಿಗೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. 25 ಸಾವಿರದವರಿಗೆ ಬೇಡ ಅಂದೆ. ರಾತ್ರಿ ಕೂತು ಮ್ಯಾಪ್ ನೋಡಿದರೆ ನಮ್ಮದು ‘ಬಟ್ಟೆ ಅಂಗಡಿ’ ಅಂತಿತ್ತು! ‘ಟೈಲರ್’ ಅಂತ ಬದಲಾಯಿಸಿದೆ. ರಾಜಾಜಿನಗರದ ಅಣ್ಣ, ‘ಕಟಿಂಗ್ ಕ್ಲಾಸ್’ ಅನ್ನೋದನ್ನು ಕನ್ನಡ ಅಕ್ಷರದಲ್ಲೂ ಬೇರೆಯಾಗಿ ಸೇರಿಸಬೇಕಾ?

ರಾಜಾಜಿನಗರ, ವಾಷಿಂಗ್ ಮಷೀನ್ ರಿಪೇರಿ
ಹೌದಕ್ಕ, ಎರಡೂ ಲಿಪಿಯಲ್ಲಿ ಹಾಕಿ. ‘ಕ್ಲಾಸ್’ ಹಾಕಿದರೆ ‘ಕ್ಲಾಸಸ್’ ತಾನಾಗಿ ನಿಲ್ಲೋದಿಲ್ಲ, ಅದನ್ನೂ ಬೇರೆಯಾಗಿ ಬರೆಯಿರಿ.