ಗೋಡೆಯ ಆಚೆ ಬಿಸಿ, ಈಚೆ ತಂಪು

ನಾವು ಮೂವರು ಗೆಳೆಯರು, ಒಂದೇ ಕಾರ್ಖಾನೆ. ಒಬ್ಬ ಬಾಯ್ಲರ್ ಕಾಯುತ್ತಾನೆ, ಇನ್ನೊಬ್ಬ ಮಷಿನ್‌ಗಳಿಗೆ ನೀರು ತಂಪು ಮಾಡಿ ಕಳಿಸುವ ಚಿಲ್ಲರ್ ಕಾಯುತ್ತಾನೆ. ಇಬ್ಬರ ಬಿಲ್ಲನ್ನೂ ನೋಡಿ ಬೆವರುವವನು ನಾನು.

“ನಿನ್ನ ಚಿಲ್ಲರ್‌ಗೆ ಎಷ್ಟು ಕರೆಂಟ್ ಕೊಟ್ಟರೂ ಸಾಲದು” ಎಂದ ಬಾಯ್ಲರ್ ಗೆಳೆಯ.

“ನಿನ್ನ ಚಿಮಣಿ ನೋಡಿಕೋ. ಹೊಗೆ 240 ಡಿಗ್ರಿಯಲ್ಲಿ ಹೋಗುತ್ತಿದೆ. ಚಳಿ ಆಗ್ತಿದೆ ಅಂತ ಆಕಾಶ ಏನಾದ್ರೂ ಅರ್ಜಿ ಹಾಕಿತ್ತಾ? ಅದೇ ಬಿಸಿಯಿಂದ ಬಾಯ್ಲರ್‌ಗೆ ಹೋಗುವ ನೀರನ್ನು 6 ಡಿಗ್ರಿ ಕಾಯಿಸಿದರೂ ಇಂಧನ ಸುಮಾರು ಶೇ. 1 ಉಳಿಯುತ್ತದೆ.”

“ನೀನು 7 ಡಿಗ್ರಿ ನೀರು ಕಳಿಸುತ್ತೀಯಲ್ಲ, ಆ ಮಷಿನ್‌ಗೆ 12 ಸಾಕು. ಒಂದೊಂದು ಡಿಗ್ರಿ ಏರಿಸಿದರೂ ಕಂಪ್ರೆಸರ್ ಕರೆಂಟು ಶೇ. 2-3 ಕಡಿಮೆ ಆಗುತ್ತದೆ. 7 ಅಂತ ಹೇಳಿದವರು ಯಾರು?”

“ನಾನು ಬಂದಾಗಲೇ ಇತ್ತಪ್ಪ.”

“ಹಾಗಾದ್ರೆ ಪಿತ್ರಾರ್ಜಿತ. ಮುಟ್ಟಬೇಡ ಬಿಡು.”

ನನಗೆ ತಲೆ ಕೆಟ್ಟಿತು. “ಅಲ್ರಯ್ಯಾ, ಇವನು ಒಳಗಿನ ಬಿಸಿಯನ್ನೆಲ್ಲ ಎಳೆದು ಕೂಲಿಂಗ್ ಟವರ್‌ನಲ್ಲಿ ಚೆಲ್ಲುತ್ತಾನೆ. ಗೋಡೆಯ ಆಚೆ ನೀನು ಬೆಂಕಿ ಹಾಕಿ ತೊಳೆಯುವ ನೀರು ಕಾಯಿಸುತ್ತೀಯ. ಇವನು ಚೆಲ್ಲಿದ್ದನ್ನು ನೀನು ತಗೋಬಾರದಾ?”

“ಅವನದು 35 ಡಿಗ್ರಿ. ಅದೂ ಒಂದು ಬಿಸಿನಾ? ನನಗೆ 60 ಬೇಕು” ಎಂದು ಬಾಯ್ಲರ್ ಮೂಗು ಮುರಿದ.

“ಮಧ್ಯೆ ಹೀಟ್ ಪಂಪ್ ಇಟ್ಟರೆ ಆ ಬಿಸಿಯನ್ನೇ 60ಕ್ಕೆ ಮೇಲೆತ್ತಿ ಕೊಡುತ್ತದೆ” ಎಂದೆ. “ ಒಂದು ಯೂನಿಟ್ ಕರೆಂಟಿಗೆ ಮೂರು ನಾಲ್ಕು ಯೂನಿಟ್ ಶಾಖ.”

ಇಬ್ಬರೂ ಮುಖ ಮುಖ ನೋಡಿಕೊಂಡರು. ಗೋಡೆ ಒಡೆಯುವ ಖರ್ಚು ಯಾರ ಲೆಕ್ಕಕ್ಕೆ ಅಂತ ಶುರುವಾಯಿತು. ಅದು ಇನ್ನೂ ಮುಗಿದಿಲ್ಲ.

ಸುಮ್ನೆ ಕೂರಲಾರದೆ ನಾನೊಂದು ಸುತ್ತು ಹೊರಟೆ. ಬಾಯ್ಲರ್ ಪಕ್ಕದ ದೊಡ್ಡ ವಾಲ್ವ್ ಬರಿಮೈಯಲ್ಲಿ ನಿಂತಿತ್ತು. ಯಾವಾಗಲೋ ರಿಪೇರಿಗೆ ಅಂತ ಬಿಚ್ಚಿದ ಹೊದಿಕೆ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಹೊದಿಕೆಯಿಲ್ಲದ ಒಂದು ವಾಲ್ವ್ ಹೆಚ್ಚುಕಡಿಮೆ ಒಂದು ಮೀಟರ್ ಬರಿ ಪೈಪಿನಷ್ಟು ಶಾಖ ಕಳೆಯುತ್ತದೆ. ಪಕ್ಕದ ಕಂಬಿಯ ಮೇಲೆ, ಆ ಕಾವಿಗೆ ಸರಿಯಾಗಿ, ಎರಡು ಜೊತೆ ಸಾಕ್ಸ್ ಒಣಗುತ್ತಿದ್ದವು. ಒಂದು ಜೊತೆ ಬಾಯ್ಲರ್‌ದು. ಇನ್ನೊಂದು, ಗೋಡೆಯ ಈಚೆಯಿಂದ ಬಂದದ್ದು.

ಅವತ್ತೇ ಹೊದಿಕೆ ಹಾಕಿಸಿದೆ.

ಮರುದಿನ ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ನನ್ನ ಮೇಜಿನ ಮುಂದೆ ನಿಂತಿದ್ದರು. ಮೊದಲ ಸಲ ಒಂದೇ ಮಾತು ಆಡಿದರು:

“ಈಗ ಸಾಕ್ಸ್ ಎಲ್ಲಿ ಒಣಗಿಸೋದು?”